ಗೌರವವೂ ಸಂಬಳವೂ

ಮಳೆಗಾಲಕ್ಕೆ ಮುಂಚೆ ಮನೆಯ ಹಳೆಯ ಕಾಗದಪತ್ರಗಳನ್ನು ಒಮ್ಮೆ ಬಿಸಿಲಿಗೆ ಹಾಕುವುದು ನಮ್ಮ ಕರಾವಳಿಯವರ ಪದ್ಧತಿ. ಈ ವರ್ಷ ಹಾಗೆ ಹಾಕುತ್ತಿದ್ದಾಗ ನನ್ನ ಕೈಗೆ ಒಂದು ಅಚ್ಚಾದ ಹಾಳೆ ಬಂದಿತು. ನಮ್ಮೂರಿನ ಕ್ರೈಸ್ತ ತರುಣರ ಚಿಕ್ಕ ಸಂಘವೊಂದು ಪತ್ರವ್ಯವಹಾರಕ್ಕೆಂದು ಮೂವತ್ತು ವರ್ಷಗಳ ಹಿಂದೆ ಅಚ್ಚುಮಾಡಿಸಿದ್ದ ಹಾಳೆ ಅದು. ಎಡಬದಿಯಲ್ಲಿ ಹೆಸರುಗಳ ಸಾಲು. ಪೋಷಕರು ಇಬ್ಬರು, ಅಧ್ಯಕ್ಷರು ಒಬ್ಬರು, ಉಪಾಧ್ಯಕ್ಷರು ಇಬ್ಬರು, ಗೌರವ ಕಾರ್ಯದರ್ಶಿ ಒಬ್ಬರು, ಜೊತೆ ಕಾರ್ಯದರ್ಶಿ ಒಬ್ಬರು, ಗೌರವ ಕೋಶಾಧಿಕಾರಿ ಒಬ್ಬರು, ಸದಸ್ಯರು ಐವರು. ಒಟ್ಟು ಹದಿಮೂರು ಮಂದಿ. ಗೌರವ ಕೋಶಾಧಿಕಾರಿಯೆಂದಿದ್ದ ಹೆಸರು ನನ್ನದು. ಆ ಹಾಳೆಯಲ್ಲಿ ಇಲ್ಲದಿದ್ದುದು ಹದಿನಾಲ್ಕನೆಯ ಹೆಸರು. ಆ ಹದಿನಾಲ್ಕನೆಯವನ ವಿಷಯವನ್ನು ಬರೆಯಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ. ಅದರಲ್ಲಿ ನನ್ನ ತಪ್ಪಿನ ಭಾಗ ದೊಡ್ಡದಾದುದರಿಂದ ಇಷ್ಟು ದಿನ ತಡವಾಯಿತು.

ನಮ್ಮ ಸಂಘ ದೊಡ್ಡದೇನೂ ಅಲ್ಲ. ಹಂಚಿನ ಮಾಡಿನ ಒಂದು ಮನೆ, ಮುಂದೆ ಜಗಲಿ, ಹಿಂದೆ ಚೆಂಡಾಟಕ್ಕೆ ಸಾಲುವಷ್ಟು ಅಂಗಳ, ಎರಡು ಕೇರಮ್ ಹಲಗೆ, ಒಂದು ಹಾರ್ಮೋನಿಯಮ್, ಒಂದು ಕಪಾಟಿನ ತುಂಬ ಪುಸ್ತಕ. ಸಂಜೆ ನಾಲ್ಕೂವರೆಯಿಂದ ಎಂಟೂವರೆಯವರೆಗೆ ಸುಮಾರು ನಲವತ್ತು ಮಂದಿ ಹುಡುಗರು ಬರುತ್ತಿದ್ದರು. ಶನಿವಾರ ಮಧ್ಯಾಹ್ನ ಹುಡುಗಿಯರಿಗೆ ಬೇರೆ ತರಗತಿ. ಆಟ, ಹಾಡು, ಹತ್ತನೆಯ ತರಗತಿಯವರಿಗೆ ಗಣಿತದ ಪಾಠ, ಸತ್ಯವೇದದ ಓದು, ದಸರಾ ರಜೆಯಲ್ಲಿ ಮೂರು ದಿನಗಳ ಶಿಬಿರ, ಇಷ್ಟೇ ಕೆಲಸ. ಬರುವವರೆಲ್ಲರೂ ಕ್ರೈಸ್ತರೂ ಆಗಿರಲಿಲ್ಲ. ಅಂಗಳಕ್ಕೆ ಬೇಲಿಯಿದ್ದಿತಲ್ಲದೆ ಬಾಗಿಲಿಗೆ ಬೇಲಿಯಿರಲಿಲ್ಲ.

ನಮ್ಮ ರಾಜ್ಯದ 1960ರ ಸಂಘಗಳ ನೋಂದಣಿ ಕಾಯದೆಯ ಪ್ರಕಾರ ಏಳು ಮಂದಿ ಕೂಡಿದರೆ ಒಂದು ಸಂಘವನ್ನು ಕಟ್ಟಬಹುದು. ನಾವು ಅದಕ್ಕಿಂತ ಆರು ಮಂದಿ ಹೆಚ್ಚಾಗಿಯೇ ಇದ್ದೆವು. ಆದರೆ ಕಾಯದೆ ಕೇಳುವುದು ಏಳು ಮಂದಿಯ ಸಹಿಯನ್ನು. ಸಂಜೆಯ ಹೊತ್ತು ಬಾಗಿಲು ತೆರೆಯುವ ಕೈ ಯಾರದೆಂದು ಅದು ಕೇಳುವುದಿಲ್ಲ. ಕಾರ್ಯವನ್ನು ದರ್ಶಿಸುವವನು ಕಾರ್ಯದರ್ಶಿಯೆಂದು ಅರ್ಥಮಾಡುವುದಾದರೆ ನಮ್ಮ ಗೌರವ ಕಾರ್ಯದರ್ಶಿಗಳು ಆ ಹೆಸರಿಗೆ ಪೂರ್ಣವಾಗಿ ತಕ್ಕವರೇ ಆಗಿದ್ದರು. ತಿಂಗಳಿಗೊಮ್ಮೆ ಬಂದು ಕಾರ್ಯವನ್ನು ದರ್ಶಿಸಿ ಹೋಗುತ್ತಿದ್ದರು. ಕಾರ್ಯವನ್ನು ಮಾಡುತ್ತಿದ್ದವನು ಮಾತ್ರ ಬೇರೆ. 1986ರಲ್ಲಿ ತಿಂಗಳಿಗೆ ಐನೂರು ರೂಪಾಯಿ ಸಂಬಳದ ಮೇಲೆ ನಾವು ನೇಮಿಸಿಕೊಂಡ ಇಪ್ಪತ್ತಾರು ವರ್ಷದ ತರುಣ ಅವನು. ಅವನಿಗೆ ನಾವು ಕೊಟ್ಟ ಹೆಸರು 'ಸಹಾಯಕ'. ಯಾರಿಗೆ ಸಹಾಯಕನೆಂಬುದನ್ನು ಯಾರೂ ವಿಚಾರಿಸಲಿಲ್ಲ. ಹುಡುಗರು ಅವನನ್ನು ಅಣ್ಣ ಎನ್ನುತ್ತಿದ್ದರು. ಪ್ರೌಢಶಾಲೆಯಲ್ಲಿ ನನ್ನ ಶಿಷ್ಯನಾಗಿದ್ದುದರಿಂದ ನಾನು ಅವನನ್ನು ಏಕವಚನದಿಂದಲೇ ಕರೆಯುತ್ತಿದ್ದೆ. ನನ್ನನ್ನು ನೋಡಿ ಮಿಕ್ಕ ಹನ್ನೆರಡು ಮಂದಿಯೂ ಹಾಗೆಯೇ ಕರೆದರು.

ಒಂಬತ್ತು ವರ್ಷ ಹೀಗೆ ನಡೆಯಿತು. 1995ರ ಹೊತ್ತಿಗೆ ಅವನ ಸಂಬಳ ಒಂಬೈನೂರಕ್ಕೆ ಮುಟ್ಟಿದ್ದಿತು. ಅಷ್ಟರಲ್ಲಿ ಅವನಿಗೆ ಮದುವೆಯಾಗಿ ಇಬ್ಬರು ಮಕ್ಕಳಾಗಿದ್ದರು. ಆ ವರ್ಷದ ಜೂನ್ ತಿಂಗಳ ಸಭೆಗೆ ಅವನದೊಂದು ಅರ್ಜಿ ಬಂದಿತು. ಸಂಬಳವನ್ನು ಸಾವಿರದ ಐನೂರಕ್ಕೆ ಏರಿಸಬೇಕೆಂದು ಪ್ರಾರ್ಥನೆ. ಹೊರಗೆ ಜಡಿಮಳೆ, ಒಳಗೆ ಎರಡು ಕಡೆ ಮಾಡು ಸೋರುತ್ತಿದ್ದುದರಿಂದ ಪಾತ್ರೆಯಿಟ್ಟಿದ್ದರು. ಅವನು ಬಾಗಿಲ ಬಳಿ ನಿಂತಿದ್ದನು.

ಸಭೆಯಲ್ಲಿ ಆದ ಮಾತುಗಳು ಯಾವ ಚಿಕ್ಕ ಸಂಘದಲ್ಲಿಯಾದರೂ ಆಗತಕ್ಕವೇ. ಒಬ್ಬರು, ಅಪೊಸ್ತಲನಾದ ಪೌಲನು ಗುಡಾರ ಹೊಲಿದು ತನ್ನ ಅನ್ನವನ್ನು ತಾನೇ ಸಂಪಾದಿಸಿಕೊಂಡನೆಂಬುದನ್ನು ನೆನಪುಮಾಡಿದರು. ಇನ್ನೊಬ್ಬರು, ತಾಳಿದವನು ಬಾಳಿಯಾನು, ಒಂದು ವರ್ಷ ಕಾಯಲಿ ಎಂದರು. ಕೋಶಾಧಿಕಾರಿಯ ಅಭಿಪ್ರಾಯವೇನೆಂದು ಅಧ್ಯಕ್ಷರು ನನ್ನನ್ನು ಕೇಳಿದರು. ಹೊಸ ಕಟ್ಟಡಕ್ಕೆಂದು ಬ್ಯಾಂಕಿನಲ್ಲಿ ಅರುವತ್ತು ಸಾವಿರ ರೂಪಾಯಿ ಇದ್ದಿತು. ಅದನ್ನು ಮುಟ್ಟಲು ನನಗೆ ಮನಸ್ಸಿರಲಿಲ್ಲ. ನಾನು ಎದ್ದು ನಿಂತು ಹೇಳಿದ ಮಾತನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಈಗಲೂ ಓದಬಹುದು: "ಸೇವೆಗೆ ಬೆಲೆ ಕಟ್ಟುವುದು ಸೇವೆಗೆ ಮಾಡುವ ಅವಮಾನ." ವಾಕ್ಯ ಚೆನ್ನಾಗಿದ್ದಿತು, ತಲೆದೂಗಿದರು. ಅದರ ಹಿಂದಿನ ವರ್ಷವಷ್ಟೇ ನನ್ನ ಸ್ವಂತ ಸಂಬಳ ಪರಿಷ್ಕಾರವಾಗಿ ಏರಿದ್ದಿತೆಂಬುದೂ, ಅದರಿಂದ ನನ್ನ ಅಧ್ಯಾಪನಕ್ಕೆ ಅವಮಾನವಾಯಿತೆಂದು ನಾನು ಭಾವಿಸಲಿಲ್ಲವೆಂಬುದೂ ಆ ಗಳಿಗೆಯಲ್ಲಿ ನನ್ನ ನೆನಪಿಗೆ ಬರಲಿಲ್ಲ.

ಸದಸ್ಯರಲ್ಲಿ ಒಬ್ಬರು ವೃದ್ಧೆ. ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಅವರು ಮಾತ್ರ ಹೇಳಿದರು: "ಮಾಸ್ಟ್ರೇ, ಸೇವೆಗೆ ಬೆಲೆ ಕಟ್ಟುವುದು ಬೇಡ. ಅಂಗಡಿಯವನು ಅಕ್ಕಿಗೆ ಕಟ್ಟಿದ ಬೆಲೆಯನ್ನು ಕೊಟ್ಟರೆ ಸಾಕು." ಯಾರೋ ನಕ್ಕರು. ಮತಕ್ಕೆ ಹಾಕಿದಾಗ ಅವರದೊಂದೇ ಕೈ ಮೇಲೆದ್ದಿತು.

ಜುಲೈ ತಿಂಗಳ ಮೊದಲ ವಾರದಲ್ಲಿ ಮೂರು ಸಾಲಿನ ರಾಜೀನಾಮೆ ಬಂದಿತು. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿದೆಯೆಂದು ಬರೆದಿದ್ದನು. ದೂರಿನ ಮಾತು ಒಂದೂ ಇರಲಿಲ್ಲ. ಹೊಸಬರು ಸಿಕ್ಕುವವರೆಗೆ ನಾನೇ ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡೆ. ಶಾಲೆ ಬಿಟ್ಟ ಮೇಲೆ ನನಗೆ ಬೇರೆ ಕೆಲಸವಿರಲಿಲ್ಲ, ಅಲ್ಲದೆ ಆ ಕೆಲಸ ಎಷ್ಟರದೆಂಬ ಭಾವನೆಯೂ ಇದ್ದಿತು. ಅವನು ಹನ್ನೊಂದು ಬೀಗದ ಕೈಗಳ ಒಂದು ಗೊಂಚಲನ್ನೂ ಒಂದು ಬರೆಯುವ ಪುಸ್ತಕವನ್ನೂ ನನ್ನ ಕೈಗೆ ಕೊಟ್ಟು, "ಎಲ್ಲವೂ ಇದರಲ್ಲಿದೆ, ಮಾಸ್ಟ್ರೇ" ಎಂದು ಹೇಳಿ ಹೋದನು.

ಆ ಪುಸ್ತಕವನ್ನು ನಾನು ತೆರೆದುದು ಮೂರನೆಯ ವಾರದಲ್ಲಿ. ಅಷ್ಟರಲ್ಲಿ ನಾನು ಸಾಕಾಗಿ ಹೋಗಿದ್ದೆ. ವಿದ್ಯುತ್ತಿನ ಬಿಲ್ಲು, ವಂತಿಗೆಯ ರಸೀತಿ, ಸೋರುವ ಮಾಡು, ಹರಿದ ಬಲೆ, ಜಗಳ ಮಾಡಿ ಹಣೆ ಒಡೆದುಕೊಂಡ ಹುಡುಗನನ್ನು ವೈದ್ಯರಲ್ಲಿಗೆ ಕರೆದೊಯ್ಯುವುದು, ಅವನ ತಾಯಿಗೆ ಸಮಾಧಾನ ಹೇಳುವುದು, ಶಿಬಿರಕ್ಕೆ ತಂದೆತಾಯಿಗಳ ಒಪ್ಪಿಗೆ ಪತ್ರ ತರಿಸುವುದು. ಇವುಗಳ ನಡುವೆ ಪಾಠ ಹೇಳಬೇಕಾದವನೂ ನಾನೇ, ಹಾರ್ಮೋನಿಯಮ್ಮಿನ ಮುಂದೆ ಕುಳಿತುಕೊಳ್ಳಬೇಕಾದವನೂ ನಾನೇ. ಮಿಕ್ಕ ಹನ್ನೆರಡು ಮಂದಿ ದಾರಿಯಲ್ಲಿ ಕಂಡಾಗ, ಹೇಗೆ ನಡೆಯುತ್ತಿದೆ ಎಂದು ಕೇಳುತ್ತಿದ್ದರು.

ಪುಸ್ತಕದ ಮೊದಲರ್ಧದಲ್ಲಿ ಇಂಥ ಕೆಲಸಗಳ ಪಟ್ಟಿ ಇದ್ದಿತು. ಮಿಕ್ಕರ್ಧದಲ್ಲಿ ಒಬ್ಬೊಬ್ಬ ಹುಡುಗನಿಗೂ ಅರ್ಧ ಪುಟ. ಒಂದು ಹೆಸರಿನ ಮುಂದೆ, "ಗಣಿತದಲ್ಲಿ ಹಿಂದೆ, ಎಲ್ಲರ ಮುಂದೆ ಹಲಗೆಗೆ ಕರೆಯಬಾರದು" ಎಂದಿದ್ದಿತು. ಇನ್ನೊಂದರ ಮುಂದೆ, "ತಂದೆ ಊರಲ್ಲಿಲ್ಲ, ಪತ್ರ ಬಂದ ದಿನ ಮಾತಾಡುವುದಿಲ್ಲ, ಚೆಂಡು ಕೊಟ್ಟು ಬಿಡಬೇಕು." ಕೆಲವು ಹೆಸರುಗಳ ಪಕ್ಕದಲ್ಲಿ ಒಂದು ಚುಕ್ಕೆ ಇದ್ದಿತು; ಅಂಥವು ಒಂಬತ್ತು. ಅದರ ಅರ್ಥವನ್ನು ಕೊನೆಯ ಪುಟದಲ್ಲಿ ಬರೆದಿದ್ದನು. ತಿಂಗಳಿಗೆ ಎರಡು ರೂಪಾಯಿಯ ವಂತಿಗೆಯನ್ನು ಕೊಡಲಾರದವರ ಗುರುತು ಅದು. ಅವರ ಹಣವನ್ನು ಅವನೇ ತನ್ನ ಸಂಬಳದಿಂದ ಕಟ್ಟುತ್ತಿದ್ದನು. ಹುಡುಗರಿಗೆ ತಿಳಿಯಕೂಡದೆಂದು ರಸೀತಿಯನ್ನು ಅವರ ಹೆಸರಿನಲ್ಲಿಯೇ ಹರಿಯುತ್ತಿದ್ದನು. ವಂತಿಗೆಯಲ್ಲಿ ಒಂದು ಕಾಸೂ ಬಾಕಿಯಿಲ್ಲದ ಸಂಘ ನಮ್ಮದೆಂದು ನಾನು ಪ್ರತಿ ವಾರ್ಷಿಕ ಸಭೆಯಲ್ಲಿ ಓದುತ್ತಿದ್ದೆ. ಕೋಶಾಧಿಕಾರಿಯ ದಕ್ಷತೆಗೆ ಸಭೆ ಪ್ರತಿ ವರ್ಷವೂ ವಂದನೆ ಸಲ್ಲಿಸುತ್ತಿದ್ದಿತು.

ಇನ್ನೊಂದು ಪುಟವನ್ನು ನಾನು ಮರೆಯಲಾರೆ. "ಇವನು ಎಲ್ಲರಿಗಿಂತ ಕೊನೆಗೆ ಹೋಗುತ್ತಾನೆ. ಮನೆಯಲ್ಲಿ ತಂದೆ ಮಲಗಿದ ಮೇಲೆ ಹೋಗುವುದು ಇವನಿಗೆ ಕ್ಷೇಮ. ಕಾರಣ ಕೇಳಬಾರದು. ಬೀಗ ಹಾಕಿದ ಮೇಲೆ ತಿರುವಿನವರೆಗೆ ಜೊತೆಯಲ್ಲಿ ನಡೆಯಬೇಕು." ಆ ಹುಡುಗನನ್ನು ನಾನು ಮೊದಲ ವಾರದಲ್ಲಿ ಮೂರು ಸಲ, ಹೊತ್ತಾಯಿತು ಮನೆಗೆ ನಡೆ ಎಂದು ಗದರಿಸಿ ಕಳುಹಿಸಿದ್ದೆ. ಎರಡನೆಯ ವಾರದಿಂದ ಅವನು ಬರಲಿಲ್ಲ. ಪುಟವನ್ನು ಓದಿದ ರಾತ್ರಿ ಹುಡುಕಿಕೊಂಡು ಹೋದೆ. ಶಾಲೆ ಬಿಟ್ಟು ಮುಂಬಯಿಯ ಹೋಟೆಲು ಕೆಲಸಕ್ಕೆ ಹೊರಟುಹೋದನೆಂದು ನೆರೆಯವರು ಹೇಳಿದರು. ಅವನು ಮತ್ತೆ ಊರಿಗೆ ಬಂದುದನ್ನು ನಾನು ಕಾಣೆ. ಅಕ್ಟೋಬರಿನಲ್ಲಿ ಹಾಜರಿ ತೆಗೆದಾಗ ನಲವತ್ತು ಹೋಗಿ ಹದಿನೈದಾಗಿದ್ದಿತು.

ಮನುಷ್ಯನಿಗೆ ಪೆಟ್ಟು ಬಿದ್ದ ಮೇಲೆ ಓದುವ ಬುದ್ಧಿ ಬರುವುದುಂಟು. ಇಂಥ ಸಂಘಗಳೆಲ್ಲಕ್ಕೂ ಹಿರಿಯಣ್ಣನಾದ ವೈ. ಎಂ. ಸಿ. ಎ. ಸಂಸ್ಥೆಯ ಚರಿತ್ರೆಯನ್ನು ನಮ್ಮ ಕಪಾಟಿನಿಂದಲೇ ತೆಗೆದು ಓದಿದೆ. 1844ರ ಜೂನ್ 6ರಂದು ಲಂಡನ್ನಿನಲ್ಲಿ, ಸೇಂಟ್ ಪಾಲ್ಸ್ ದೇವಾಲಯದ ಬಳಿಯ ಬಟ್ಟೆಯಂಗಡಿಯೊಂದರ ಕೊಠಡಿಯಲ್ಲಿ ಹನ್ನೆರಡು ಮಂದಿ ತರುಣರು ಕೂಡಿ ಅದನ್ನು ಸ್ಥಾಪಿಸಿದರು. ಅವರ ಮುಂದಾಳಾದ ಜಾರ್ಜ್ ವಿಲಿಯಮ್ಸನಿಗೆ ಆಗ ಇಪ್ಪತ್ತೆರಡು ವರ್ಷ; ಅದೇ ಅಂಗಡಿಯ ನೌಕರ. ಅವನು ಕಡೆಯವರೆಗೂ ಬಟ್ಟೆಯ ವ್ಯಾಪಾರವನ್ನೇ ಮಾಡಿಕೊಂಡಿದ್ದು ಸಂಘಕ್ಕೆ ಕಾಸೂ ಬೇಡದೆ ದುಡಿದನು. ಆದರೆ ಹೃದಯವಿದ್ದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲವೆಂಬುದನ್ನು ಆ ತರುಣರು ಬೇಗನೆ ಕಂಡುಕೊಂಡು, 1845ರಲ್ಲಿಯೇ ಟಾರ್ಲ್ಟನ್ ಎಂಬವನನ್ನು ಸಂಬಳದ ಕಾರ್ಯದರ್ಶಿಯನ್ನಾಗಿ ನೇಮಿಸಿಕೊಂಡರು. ನ್ಯೂಯಾರ್ಕಿನ ಸಂಘವು 1862ರಲ್ಲಿ ರಾಬರ್ಟ್ ಮೆಕ್‌ಬರ್ನಿ ಎಂಬ ಐರಿಷ್ ತರುಣನನ್ನು ಹಾಗೆಯೇ ತೆಗೆದುಕೊಂಡಿತು. ಅವನು ಆ ಕೆಲಸವನ್ನೇ ತನ್ನ ಬಾಳಿನ ವೃತ್ತಿಯಾಗಿ ಮಾಡಿಕೊಂಡನು. ಸಂಘದ ಕಾರ್ಯದರ್ಶಿತ್ವವೆಂಬುದು ಕಲಿತು ಮಾಡತಕ್ಕ ವಿದ್ಯೆಯೆಂಬ ಭಾವನೆ ಅಲ್ಲಿ ಬೇರೂರಿದುದು ಅವನಂಥವರಿಂದ. ನಮ್ಮ ದೇಶದಲ್ಲಿಯೂ ಸೇಲಮ್ಮಿನ ಕೆ. ಟಿ. ಪಾಲ್ ಅವರು 1916ರಲ್ಲಿ ಭಾರತದ ಸಂಘಗಳೆಲ್ಲಕ್ಕೂ ಪ್ರಧಾನ ಕಾರ್ಯದರ್ಶಿಯಾದ ಮೊದಲ ಭಾರತೀಯರಾದರು. ಅವರಿಗಿಂತ ಮುಂಚೆ ಅದೇ ಸಂಘದ ಕಾರ್ಯದರ್ಶಿಗಳಲ್ಲೊಬ್ಬರಾಗಿದ್ದು, 1912ರಲ್ಲಿ ದೋರ್ನಕಲ್ಲಿನ ಬಿಷಪ್ಪರಾದ ವಿ. ಎಸ್. ಅಜರಯ್ಯನವರು, 1910ರ ಎಡಿನ್‌ಬರೊ ಸಮ್ಮೇಳನದಲ್ಲಿ ಪಾಶ್ಚಾತ್ಯ ಮಿಶನರಿಗಳ ಎದುರು ನಿಂತು ಕೇಳಿದುದು ಹಣವನ್ನಲ್ಲ, ಸಮಾನರಿಗೆ ಸಲ್ಲುವ ಸ್ನೇಹವನ್ನು. ಪರದೇಶದವರು ಸ್ನೇಹ ಕೊಡಲಿಲ್ಲವೆಂದು ನೊಂದ ನಮ್ಮವರೇ ನಮ್ಮ ಜಗಲಿಯ ಮೇಲೆ ಇನ್ನೊಬ್ಬನಿಗೆ ಅದನ್ನು ಕೊಡಲಿಲ್ಲ. ಹಣವನ್ನಂತೂ ಕೊಡಲೇ ಇಲ್ಲ.

ಸತ್ಯವೇದದಲ್ಲಿಯೂ ನಾವು ಬೇಕಾದುದನ್ನಷ್ಟೇ ಓದಿಕೊಂಡಿದ್ದೆವು. ಪೌಲನು ಗುಡಾರ ಹೊಲಿದುದು ನಿಜ. ಸುವಾರ್ತೆ ಸಾರುವವರು ಅದರಿಂದಲೇ ಜೀವಿಸುವುದು ನ್ಯಾಯವೆಂದು ಬರೆದವನೂ ಅವನೇ. ವಿಮೋಚನಕಾಂಡದಲ್ಲಿ ಮೋಶೆಯು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದುದನ್ನು ಅವನ ಮಾವನಾದ ಇತ್ರೋನನು ನೋಡಿ, ಹೀಗಾದರೆ ನೀನೂ ಬಳಲುವೆ, ಜನರೂ ಬಳಲುವರು ಎಂದು ಬುದ್ಧಿ ಹೇಳಿ, ಸಾವಿರ ಮಂದಿಗೆ, ನೂರು ಮಂದಿಗೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ಯೋಗ್ಯನನ್ನು ನೇಮಿಸೆಂದು ದಾರಿ ತೋರಿಸಿದನು. ನಮ್ಮಲ್ಲಿ ಮೇಲೆ ಹದಿಮೂರು ಮಂದಿ, ಕೆಳಗೆ ಒಬ್ಬ. ಇತ್ರೋನನು ಹೇಳಿದ ಗೋಪುರವನ್ನು ನಾವು ತಲೆಕೆಳಗಾಗಿ ಕಟ್ಟಿದ್ದೆವು. ಇನ್ನು ನಮ್ಮ ನಾಡಿನ ಮಾತನ್ನೇ ಹೇಳುವುದಾದರೆ, ಕಾಯಕವೆಂಬ ದೊಡ್ಡ ಪದವನ್ನು ಕೊಟ್ಟ ಶರಣರು ಕೂಲಿಯನ್ನು ಹೇಯವೆಂದವರಲ್ಲ. ಆಯ್ದಕ್ಕಿ ಲಕ್ಕಮ್ಮ ಗಂಡನಿಂದ ಹಿಂದಕ್ಕೆ ಹಾಕಿಸಿದುದು ಅಗತ್ಯಕ್ಕೆ ಮೀರಿದ ಅಕ್ಕಿಯನ್ನು, ಒಲೆಗೆ ಬೇಕಾದಷ್ಟನ್ನಲ್ಲ.

ಚಿಕ್ಕ ಸಂಘಕ್ಕೆ ಕಾನೂನಿನ ಅಂಕುಶವೂ ಇರಲಿಲ್ಲ. ಆಗ ಜಾರಿಯಲ್ಲಿದ್ದ 1952ರ ಭವಿಷ್ಯನಿಧಿ ಕಾಯದೆ ಸಾಮಾನ್ಯವಾಗಿ ಇಪ್ಪತ್ತು ಮಂದಿ ನೌಕರರಿದ್ದಲ್ಲಿ, 1972ರ ಗ್ರಾಚ್ಯುಯಿಟಿ ಕಾಯದೆ ಹತ್ತು ಮಂದಿ ಇದ್ದಲ್ಲಿ ಅನ್ವಯಿಸುತ್ತಿದ್ದುವು. ಒಬ್ಬನೇ ಒಬ್ಬ ನೌಕರನಿರುವಲ್ಲಿ ಅವನ ಮುಪ್ಪಿನ ಚಿಂತೆಯನ್ನು ಯಾವ ಕಾಯದೆಯೂ ಮಾಡುತ್ತಿರಲಿಲ್ಲ. ಕಾನೂನಿನ ಕೈ ನಿಲುಕದಲ್ಲಿ ಮನಸ್ಸಾಕ್ಷಿಯ ಕೈ ನಿಲುಕಬೇಕಾಗಿದ್ದಿತು.

ನವೆಂಬರಿನ ಒಂದು ಸಂಜೆ ಅವನ ಮನೆಗೆ ಹೋದೆ. ಪುಸ್ತಕವನ್ನು ಓದಿದೆನೆಂದು ಹೇಳಿ, ಹಣಕ್ಕಾಗಿ ಬಿಟ್ಟೆಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಣಕ್ಕಾಗಿಯೂ ಹೌದು, ಮಾಸ್ಟ್ರೇ, ಅಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಒಂಬತ್ತು ವರ್ಷದಲ್ಲಿ ನೂರು ಸಭೆಯಾದರೂ ಆಗಿದ್ದಾವು. ಒಂದು ಸಭೆಯಲ್ಲಿಯೂ ಕುಳಿತುಕೋ ಎಂದು ಯಾರೂ ಹೇಳಲಿಲ್ಲ" ಎಂದನು. ಕೋಪವಿಲ್ಲದೆ ಆಡಿದ ಮಾತಾದುದರಿಂದ ಅದು ಇನ್ನೂ ಆಳಕ್ಕೆ ಇಳಿಯಿತು. ಮರಳಿ ಬಾ ಎಂದು ಕೇಳಬೇಕೆಂದು ಹೋಗಿದ್ದವನು ಕೇಳದೆ ಬಂದೆ. ಅಂದಿನಿಂದ ನನ್ನ ನಾಲಗೆ ಅವರ ವಿಷಯದಲ್ಲಿ ಬಹುವಚನವನ್ನು ಕಲಿತಿದೆ. ಇನ್ನು ಮುಂದೆ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

1996ರಲ್ಲಿ ನಿಯಮಗಳನ್ನು ತಿದ್ದಿದೆವು. ಸಮಿತಿಯನ್ನು ಏಳಕ್ಕೆ ಇಳಿಸಿದೆವು; ಒಬ್ಬೊಬ್ಬರಿಗೂ ಹೆಸರಿಟ್ಟು ಒಂದು ಕೆಲಸ. ಅಧ್ಯಕ್ಷರಿಗೆ ಮೂರು ವರ್ಷದ ಎರಡೇ ಅವಧಿ; ಕೋಶಾಧಿಕಾರಿಗೂ ಹಾಗೆಯೇ. 'ಸಹಾಯಕ' ಹೋಗಿ 'ಕಾರ್ಯದರ್ಶಿ' ಎಂದಾಯಿತು. ಸಭೆಯಲ್ಲಿ ಆಸನ, ವಾರಕ್ಕೊಂದು ದಿನ ಬಿಡುವು, ವರ್ಷಕ್ಕೊಮ್ಮೆ ಬಡ್ತಿ, ಅಂಚೆ ಕಚೇರಿಯಲ್ಲಿ ಅವರ ಹೆಸರಿನಲ್ಲಿ ತಿಂಗಳ ಠೇವಣಿ. ಮಕ್ಕಳೊಡನೆ ಶಿಬಿರಕ್ಕೆ ಹೋಗುವಾಗ ಹಿರಿಯರು ಇಬ್ಬರಿಗೆ ಕಡಿಮೆಯಾಗಕೂಡದು, ಹುಡುಗಿಯರಿದ್ದಲ್ಲಿ ಒಬ್ಬ ಹೆಂಗಸಿರಲೇಬೇಕು. ದೊಡ್ಡ ಹುಡುಗರಲ್ಲಿ ಇಬ್ಬರು ಪ್ರತಿ ವರ್ಷವೂ ಕಾರ್ಯದರ್ಶಿಯ ಜೊತೆಯಲ್ಲಿದ್ದು ಕೆಲಸ ಕಲಿಯಬೇಕು. ಒಬ್ಬರು ಹೋದ ದಿನವೇ ಸಂಘದ ಅರ್ಧ ಜ್ಞಾನ ಬಾಗಿಲು ದಾಟಿ ಹೋಗಬಾರದಷ್ಟೆ.

ಇದಕ್ಕೆ ಬೆಲೆ ತೆರಬೇಕಾಯಿತು. ಹೆಸರು ಬಿಟ್ಟುಹೋದ ಪೋಷಕರೊಬ್ಬರು ಬೇಸರಗೊಂಡು ವರ್ಷದ ದಾನವನ್ನು ನಿಲ್ಲಿಸಿದರು. ಕಟ್ಟಡದ ನಿಧಿಯ ಬಡ್ಡಿ ಸಂಬಳಕ್ಕೆ ಹೋದುದರಿಂದ ಮಾಡು ಇನ್ನೂ ನಾಲ್ಕು ಮಳೆಗಾಲ ಸೋರಿತು. ಸಂಬಳ ಕೊಟ್ಟ ಮಾತ್ರಕ್ಕೆ ಒಳ್ಳೆಯವರೇ ಸಿಕ್ಕುವರೆಂಬ ನಿಯಮವೂ ಇಲ್ಲ. ಮೊದಲು ಬಂದವರು ಗಡಿಯಾರ ನೋಡಿ ಕೆಲಸ ಮಾಡಿದರು. ಎಂಟು ತಿಂಗಳಲ್ಲಿ ಹೋದರು. ಆಮೇಲೆ ಬಂದವರಿಂದ ಸಂಘ ಮತ್ತೆ ಚಿಗುರಿತು. ಆದುದರಿಂದ ಹಣದಿಂದ ಪ್ರೀತಿಯನ್ನು ಕೊಳ್ಳಬಹುದೆಂದು ನಾನು ಹೇಳುತ್ತಿಲ್ಲ. ಪ್ರೀತಿಯಿಂದ ದುಡಿಯುವವನ ಹಸಿವನ್ನು ನಮ್ಮ ಉಳಿತಾಯವೆಂದು ಲೆಕ್ಕಕ್ಕೆ ಬರೆಯಕೂಡದೆಂದು ಮಾತ್ರ ಹೇಳುತ್ತೇನೆ. ಹಾಗೆ ಬರೆದ ಲೆಕ್ಕವನ್ನು ಕೊನೆಗೆ ತೀರಿಸುವವರು ಮಕ್ಕಳು.

ನಮ್ಮ ಭಾಷೆಯಲ್ಲಿ ಸಂಬಳವಿಲ್ಲದ ಪದವಿಗೆ 'ಗೌರವ' ಎಂಬ ಮಾತನ್ನು ಸೇರಿಸುವುದು ರೂಢಿ. ಸಂಬಳ ತೆಗೆದುಕೊಳ್ಳುವವನಿಗೆ ಗೌರವವಿಲ್ಲವೆಂದು ಅದರ ಅರ್ಥವಲ್ಲ. ನಾವು ಹಾಗೆ ಅರ್ಥಮಾಡಿದೆವು.

ಅವರು ಸಹಕಾರಿ ಸಂಘದಿಂದ 2020ರಲ್ಲಿ ನಿವೃತ್ತರಾದರು. ಈಗ ಶನಿವಾರಗಳಲ್ಲಿ ತಾವಾಗಿಯೇ ಬಂದು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ, ಕಾಸೂ ಮುಟ್ಟುವುದಿಲ್ಲ. ಸಂಘದ ಹೊಸ ಹಾಳೆಯಲ್ಲಿ ಅವರ ಹೆಸರಿನ ಹಿಂದೆ 'ಗೌರವ' ಎಂದು ಅಚ್ಚಾಗಿದೆ. ಅದನ್ನು ಅವರು ಓದಿದಂತೆ ಕಾಣಲಿಲ್ಲ. ನಾನು ಜಗಲಿಯ ಬೆಂಚಿನ ಮೇಲೆ ಕುಳಿತು ನೋಡುತ್ತಿರುತ್ತೇನೆ. ತಿಂಗಳ ಮೊದಲನೆಯ ಶನಿವಾರ ಅವರು ಬಂದವರೇ ಒಳಗೆ ಹೋಗುವ ಮುನ್ನ ಈಗಿನ ಕೋಶಾಧಿಕಾರಿಯನ್ನು ಬದಿಗೆ ಕರೆದು ಮೆಲ್ಲಗೆ ಒಂದು ಮಾತು ಕೇಳುತ್ತಾರೆ: "ಕಾರ್ಯದರ್ಶಿಗಳಿಗೆ ಸಂಬಳ ಕೊಟ್ಟಾಯಿತೆ?" ಆಯಿತೆಂದು ಉತ್ತರ ಬಂದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ.